ಕಪ್ಪತಗುಡ್ಡದ ಸೆರಗಿನ ಒಂದು ಕೆರೆ: ನೀರು ಹೇಳದ್ದನ್ನು ಹೂಳು ಹೇಳಿತು

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡದ ಸೆರಗಿಗೆ ಅಂಟಿಕೊಂಡಿರುವ ಒಂದು ಸಣ್ಣ ಕೆರೆಯನ್ನು ಒಂದು ಮಳೆಗಾಲದಿಂದ ಮುಂದಿನ ಬೇಸಿಗೆಯವರೆಗೆ ಬೆನ್ನುಹತ್ತಿ ಪರೀಕ್ಷಿಸಿದ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕೆರೆಯ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಬರೆದಿಲ್ಲ. ಆ ಊರಿನ ಹಾಲು ದಿನವೂ ಡೇರಿಗೆ ಹೋಗುತ್ತದೆ, ಕೆರೆಯ ಮೀನು ವರ್ಷಕ್ಕೊಮ್ಮೆ ಹರಾಜಾಗುತ್ತದೆ, ಊರಿನ ಹೆಣ್ಣುಮಕ್ಕಳು ಬೆಳೆದ ಕಾಯಿಪಲ್ಲೆ ವಾರದ ಸಂತೆಯಲ್ಲಿ ಮಾರಾಟವಾಗುತ್ತದೆ. ‘ವಿಷದ ಕೆರೆ’ ಎಂಬ ಹಣೆಪಟ್ಟಿ ಒಮ್ಮೆ ಅಂಟಿಕೊಂಡರೆ ಈ ಮೂರೂ ಒಂದೇ ವಾರದಲ್ಲಿ ನಿಂತುಹೋಗುತ್ತವೆ ಎಂದು ಊರಿನವರು ಹೇಳಿದರು, ಆ ಮಾತು ನನಗೆ ನ್ಯಾಯವಾಗಿ ಕಂಡಿತು. ಪ್ರಯೋಗಾಲಯದ ಅಂಕಿಗಳನ್ನೂ ಇದೇ ಕಾರಣಕ್ಕೆ ಪಂಚಾಯಿತಿಯ ಕೈಗೆ ಒಪ್ಪಿಸಿದ್ದೇವೆ. ಇಲ್ಲಿ ಅವುಗಳನ್ನು ಮಾನದಂಡದ ಮಿತಿಯೊಂದಿಗೆ ಹೋಲಿಸಿ ಮಾತ್ರ ಹೇಳುತ್ತೇನೆ.

ಅಧ್ಯಯನಕ್ಕೆ ಕಾರಣವಾದದ್ದು ಒಂದು ಠರಾವು. ಉದ್ಯೋಗ ಖಾತ್ರಿಯಲ್ಲಿ ಕೆರೆಯ ಹೂಳೆತ್ತಬೇಕು, ಎತ್ತಿದ ಗೋಡನ್ನು ರೈತರು ತಮ್ಮ ಮಸಾರಿ ಹೊಲಗಳಿಗೆ ಹೇರಿಕೊಳ್ಳಬೇಕು ಎಂದು ಗ್ರಾಮ ಪಂಚಾಯಿತಿ ತೀರ್ಮಾನಿಸಿತ್ತು. ಅದೇ ಹೊತ್ತಿಗೆ ಊರಿನಲ್ಲಿ ಮೂರು ದೂರುಗಳಿದ್ದವು. ಬೇಸಿಗೆಯಲ್ಲಿ ಕೆರೆಯ ನೀರು ತುಂಬಿಟ್ಟ ಕೊಡದ ಒಳಮೈ ಕಪ್ಪಾಗುತ್ತದೆ ಎಂಬುದು ಹೆಣ್ಣುಮಕ್ಕಳ ದೂರು. ಹಿಂದಿನ ಏಪ್ರಿಲ್‌ನಲ್ಲಿ ಒಂದು ಬೆಳಗಿನ ಜಾವ ಮೀನುಗಳು ಸತ್ತು ತೇಲಿದ್ದವು ಎಂಬುದು ಗುತ್ತಿಗೆದಾರನ ದೂರು. ಮಕ್ಕಳ ಹಲ್ಲು ಕಂದುಗಟ್ಟುತ್ತಿವೆ ಎಂಬುದು ಶಾಲೆಯವರ ದೂರು. ಮೂರಕ್ಕೂ ಗುಡ್ಡದ ಹಳೆಯ ಗಣಿಯೇ ಕಾರಣ ಎಂದು ಊರು ನಂಬಿತ್ತು. ರಸಾಯನಶಾಸ್ತ್ರ ಕಲಿಸುವ ನಾನು, ನನ್ನ ಆರು ಜನ ವಿದ್ಯಾರ್ಥಿಗಳು, ಹೈಸ್ಕೂಲಿನ ವಿಜ್ಞಾನ ಶಿಕ್ಷಕಿಯೊಬ್ಬರು ಮತ್ತು ಕೆರೆಯ ತೂಬನ್ನು ತಲೆಮಾರುಗಳಿಂದ ನೋಡಿಕೊಂಡು ಬಂದ ಮನೆತನದ ಹಿರಿಯರೊಬ್ಬರು ಈ ಕೆಲಸದಲ್ಲಿ ಸೇರಿದೆವು.

ಗುಡ್ಡ ಮತ್ತು ಅದರ ಒಡಲು

ಕಪ್ಪತಗುಡ್ಡದ ಶಿಲೆಗಳು ಭೂವಿಜ್ಞಾನಿಗಳು ಧಾರವಾಡದ ಹೆಸರಿನಿಂದಲೇ ಕರೆಯುವ ಬಹು ಪ್ರಾಚೀನ ಶಿಲಾಸಮೂಹಕ್ಕೆ ಸೇರಿದವು. ಅವುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ಗದಗ ಶಿಸ್ಟ್ (ಪದರುಗಲ್ಲು) ಪಟ್ಟಿ ಎಂದು ಕರೆಯುವ ಈ ಭಾಗದಲ್ಲಿ ಕಬ್ಬಿಣದ ಅದಿರಿದೆ, ಮ್ಯಾಂಗನೀಸ್ ಇದೆ, ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನವಿದೆ. ಇಲ್ಲಿನ ಡೋಣಿ ಎಂಬ ಊರಿನ ಸುತ್ತಿನ ಹಳ್ಳಗಳಲ್ಲಿ ಮಳೆಗಾಲ ಮುಗಿದ ಮೇಲೆ ಮರಳು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದ ಜಲಗಾರರು ಈ ಸಂಗತಿಯನ್ನು ಯಾವ ಸರ್ವೇಗಿಂತಲೂ ಮೊದಲೇ ಬಲ್ಲವರಾಗಿದ್ದರು. 1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಇದೇ ಸಾಲಿನ ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳ ಕುರಿತು ಬರೆದರು. 20ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಇಲ್ಲಿ ಬಾವಿ ತೋಡಿ, ಸುರಂಗ ಕೊರೆದು, ಅದಿರು ಅರೆದು ಕೆಲವು ವರ್ಷಗಳಲ್ಲೇ ಕೈಬಿಟ್ಟವು. ಮುಂದೆ ಬೇರೆ ಬೇರೆ ಕಾಲದಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸಿಗಾಗಿಯೂ ಗುಡ್ಡದ ಮೈ ಅಗೆಯಲಾಯಿತು. 2019ರಲ್ಲಿ 244.15 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಅದಕ್ಕಾಗಿ ಈ ಭಾಗದ ಜನ ಪಟ್ಟ ಶ್ರಮ ದೊಡ್ಡದು. ಆದರೆ ಗಣಿ ನಿಂತ ಮಾತ್ರಕ್ಕೆ ಗಣಿಯ ಮಣ್ಣು ಹರಿಯುವುದು ನಿಲ್ಲುವುದಿಲ್ಲ, ನಮ್ಮ ಅಧ್ಯಯನವೆಲ್ಲ ಈ ಒಂದು ಸಂಗತಿಯ ಸುತ್ತಲಿನದು.

ಇಲ್ಲಿನ ಚಿನ್ನ ಒಂಟಿಯಾಗಿ ಇರುವುದಿಲ್ಲ. ಪೈರೈಟ್ ಮತ್ತು ಆರ್ಸೆನೋಪೈರೈಟ್ ಎಂಬ ಗಂಧಕದ ಖನಿಜಗಳು ಅದರ ಜೊತೆಗಾರರು. ಎರಡನೆಯದರಲ್ಲಿ ಕಬ್ಬಿಣ ಮತ್ತು ಗಂಧಕದೊಂದಿಗೆ ಆರ್ಸೆನಿಕ್, ಅಂದರೆ ನಮ್ಮ ಹಿರಿಯರು ಪಾಷಾಣ ಎನ್ನುತ್ತಿದ್ದ ಧಾತು, ಸೇರಿಕೊಂಡಿರುತ್ತದೆ. ಬಂಡೆಯ ಒಳಗೆ ಗಾಳಿ ತಾಗದೆ ಮಲಗಿರುವವರೆಗೆ ಅದರಿಂದ ತೊಂದರೆಯಿಲ್ಲ. ಅರೆದು ಹೊರಗೆ ಸುರಿದಾಗ ಗಾಳಿ ಮತ್ತು ಮಳೆನೀರು ಸೇರಿ ಗಂಧಕವನ್ನು ಆಮ್ಲವಾಗಿಸುತ್ತವೆ, ಕಬ್ಬಿಣ ತುಕ್ಕಿನಂತಹ ಕೆಂಗಂದು ಪುಡಿಯಾಗುತ್ತದೆ, ಬಿಡುಗಡೆಯಾದ ಆರ್ಸೆನಿಕ್ ಹೆಚ್ಚಾಗಿ ಆ ಪುಡಿಯ ಮೈಗೇ ಅಂಟಿಕೊಳ್ಳುತ್ತದೆ. ಈ ಭಯ ಬರಿಯ ಪುಸ್ತಕದ್ದಲ್ಲ. ಯಾದಗಿರಿ ಜಿಲ್ಲೆಯ ಮಂಗಳೂರು ಎಂಬ ಹಳೆಯ ಚಿನ್ನದ ಗಣಿಯ ಬಳಿ ಇರುವ ಕಿರದಳ್ಳಿ ತಾಂಡಾದಲ್ಲಿ ಬಾವಿನೀರಿನ ಆರ್ಸೆನಿಕ್‌ನಿಂದ ಜನರಿಗೆ ಚರ್ಮದ ಕಾಯಿಲೆ ಬಂದದ್ದು ದಾಖಲಾಗಿದೆ. ಆ ಪ್ರಕರಣವನ್ನು ಓದಿದ್ದರಿಂದಲೇ ನಾನು ಈ ಕೆರೆಯ ಕೆಲಸಕ್ಕೆ ಒಪ್ಪಿಕೊಂಡೆ.

ನಮ್ಮ ಕೆರೆಗೆ ಎರಡು ಹಳ್ಳಗಳು ಬಂದು ಸೇರುತ್ತವೆ. ಪಡುವಣ ಹಳ್ಳ ಹಳೆಯ ಅಗೆತದ ಬದಿಯಿಂದ, ಗಣಿಮಣ್ಣಿನ ದಿಬ್ಬಗಳ ಬುಡ ಸವರಿಕೊಂಡು ಬರುತ್ತದೆ. ಬಡಗಣ ಹಳ್ಳ ಕುರಿ ಮೇಯುವ ಇಳಿಜಾರಿನಿಂದ ಬರುತ್ತದೆ, ಅದರ ದಾರಿಯಲ್ಲಿ ಯಾರೂ ಗುದ್ದಲಿ ಹಾಕಿದ ಗುರುತಿಲ್ಲ. ಒಂದೇ ಕೆರೆಗೆ ಹೀಗೆ ಎರಡು ಬಗೆಯ ನೀರು ಬರುವುದು ನಮ್ಮ ಪಾಲಿಗೆ ಅನುಕೂಲವಾಯಿತು. ಹೋಲಿಸಿ ನೋಡಲು ಬೇಕಾದ ಎರಡನೆಯ ತಕ್ಕಡಿ ಅಲ್ಲೇ ಸಿಕ್ಕಿತ್ತು.

ಫೆಬ್ರುವರಿಯ ಬಾಟಲಿ

ಮೊದಲ ತಪ್ಪು ನನ್ನದೇ. ಠರಾವಿನ ಸುದ್ದಿ ತಿಳಿದ ವಾರವೇ, ಫೆಬ್ರುವರಿಯ ಒಂದು ಮಧ್ಯಾಹ್ನ, ಒಡ್ಡಿನ ಮೇಲೆ ನಿಂತು, ತೊಳೆದ ಕುಡಿಯುವ ನೀರಿನ ಬಾಟಲಿಯಲ್ಲಿ ದಂಡೆಯ ನೀರನ್ನು ತುಂಬಿಕೊಂಡು ಬಂದೆ. ಸೋಸಲಿಲ್ಲ, ಆಮ್ಲ ಹಾಕಲಿಲ್ಲ, ಮಂಜುಗಡ್ಡೆಯಲ್ಲಿ ಇಡಲಿಲ್ಲ. ಬಾಟಲಿ ಪ್ರಯೋಗಾಲಯಕ್ಕೆ ತಲುಪಲು ಒಂಬತ್ತು ದಿನ ಹಿಡಿಯಿತು. ವರದಿಯಲ್ಲಿ ಎಲ್ಲ ಲೋಹಗಳೂ ಮಿತಿಯೊಳಗೆ ಇದ್ದವು. ‘ಕೆರೆಯ ನೀರು ಚೆನ್ನಾಗಿದೆ’ ಎಂದು ನಾನು ಊರಿನಲ್ಲಿ ಹೇಳಿಯೂ ಬಿಟ್ಟೆ.

ಆ ಮಾತನ್ನು ಹೇಳುವ ಹಕ್ಕು ನನಗಿರಲಿಲ್ಲ. ಆಮ್ಲ ಬೆರೆಸದೆ ಇಟ್ಟ ನೀರಿನಲ್ಲಿ ಕರಗಿದ ಕಬ್ಬಿಣ ಗಾಳಿಯ ಸೋಂಕಿನಿಂದ ತಾನೇ ಗರಣೆಗಟ್ಟಿ ಬಾಟಲಿಯ ಗೋಡೆಗೆ ಅಂಟುತ್ತದೆ, ಜೊತೆಗೆ ಆರ್ಸೆನಿಕ್ಕನ್ನೂ ಎಳೆದುಕೊಂಡು ಹೋಗುತ್ತದೆ. ಮೇಲಿನ ತಿಳಿನೀರನ್ನು ಅಳೆದವರಿಗೆ ಸಿಗುವುದು ಬಾಟಲಿಯ ಕಥೆಯೇ ಹೊರತು ಕೆರೆಯದಲ್ಲ. ಇನ್ನೊಂದು ದೋಷ ಕಾಲದ್ದು. ಫೆಬ್ರುವರಿಯಲ್ಲಿ ಹಳ್ಳಗಳು ಒಣಗಿ ತಿಂಗಳುಗಳಾಗಿರುತ್ತವೆ, ಬಂದ ಮಣ್ಣೆಲ್ಲ ತಳ ಸೇರಿರುತ್ತದೆ, ನೀರು ಇನ್ನೂ ತಂಪಾಗಿ ತಿಳಿಯಾಗಿ ನಿಂತಿರುತ್ತದೆ. ಕೆರೆಯೊಂದನ್ನು ಅದರ ಅತ್ಯಂತ ಚೆಂದದ ದಿನ ನೋಡಿ ಬಂದು ತೀರ್ಪು ಕೊಟ್ಟಂತಾಗಿತ್ತು. ಮುಂದಿನ ವಾರ ಹೋಗಿ, ಹೇಳಿದ್ದನ್ನು ಹಿಂದೆ ತೆಗೆದುಕೊಂಡೆ. ಊರಿನವರಿಗೆ ಅದರಿಂದ ನನ್ನ ಮೇಲಿನ ನಂಬಿಕೆ ಕಡಿಮೆಯಾಗಲಿಲ್ಲ. ಹೂಳೆತ್ತುವ ಕೆಲಸವನ್ನು ಒಂದು ವರ್ಷ ಮುಂದೂಡಲು ಪಂಚಾಯಿತಿ ಒಪ್ಪಿತು. ಕೂಲಿಯ ಕೆಲಸ ಒಂದು ಬೇಸಿಗೆ ಕೈತಪ್ಪಿದವರಿಗೆ ಇದು ಸಣ್ಣ ತ್ಯಾಗವಲ್ಲ ಎಂಬುದನ್ನು ಇಲ್ಲಿ ಬರೆದಿಡಬೇಕು.

ಕೆರೆಯ ವರ್ಷ

ಹೊಸ ಯೋಜನೆಯಲ್ಲಿ ನೀರಿನ ಐದು ತಾಣಗಳಿದ್ದವು: ಎರಡು ಹಳ್ಳಗಳ ಬಾಯಿ, ಕೆರೆಯ ನಡುವಿನ ಮೇಲ್ಪದರ, ಅದೇ ಜಾಗದ ತಳ, ಮತ್ತು ತೂಬಿನ ಮುಂದಿನ ಗುಂಡಿ. ಇವಲ್ಲದೆ ಅಚ್ಚುಕಟ್ಟಿನ ಎರಡು ಬಾವಿಗಳು, ಊರಿನ ಬೋರ್‌ವೆಲ್, ಮತ್ತು ಅದೇ ಗುಡ್ಡದ ಇನ್ನೊಂದು ಮಗ್ಗುಲಿನ, ಗಣಿಯ ಸೋಂಕಿಲ್ಲದ ಒಂದು ಕೆರೆಯನ್ನು ಹೋಲಿಕೆಗಾಗಿ ಇಟ್ಟುಕೊಂಡೆವು. ಪ್ರತಿ ತಾಣದಲ್ಲೂ ಎರಡು ಬಾಟಲಿ. ಒಂದರಲ್ಲಿ ಇದ್ದಂತೆಯೇ ನೀರು. ಇನ್ನೊಂದರಲ್ಲಿ ಅಲ್ಲಿಯೇ, ದಂಡೆಯಲ್ಲಿ ಕುಳಿತು, 0.45 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸೋಸುಹಾಳೆಯಲ್ಲಿ ಸೋಸಿದ ನೀರು. ಎರಡಕ್ಕೂ ನೈಟ್ರಿಕ್ ಆಮ್ಲ ಹಾಕಿ ಪಿಎಚ್ (ಆಮ್ಲೀಯತೆಯ ಅಳತೆ, 7ಕ್ಕಿಂತ ಕಡಿಮೆಯಾದರೆ ಆಮ್ಲೀಯ) 2ಕ್ಕಿಂತ ಕೆಳಗೆ ಇಳಿಸುತ್ತಿದ್ದೆವು. ಈ ಜೋಡಿ ಬಾಟಲಿಗಳ ವ್ಯತ್ಯಾಸವೇ ಇಡೀ ಅಧ್ಯಯನದ ಜೀವಾಳ. ಮೊದಲನೆಯದರಲ್ಲಿ ಲೋಹ ಹೆಚ್ಚು, ಎರಡನೆಯದರಲ್ಲಿ ಕಡಿಮೆ ಇದ್ದರೆ ಅದು ಮಣ್ಣಿನ ಕಣಕ್ಕೆ ಅಂಟಿ ಬಂದಿದೆ ಎಂದರ್ಥ. ಎರಡರಲ್ಲೂ ಸಮನಾಗಿದ್ದರೆ ಅದು ನೀರಿನಲ್ಲೇ ಕರಗಿದೆ. ಕಣಕ್ಕೆ ಅಂಟಿದ್ದನ್ನು ಮರಳಿನ ಸೋಸುಗುಂಡಿ ತಡೆಯಬಲ್ಲದು, ಕರಗಿದ್ದನ್ನು ತಡೆಯಲಾರದು.

ಪ್ರತಿ ಸಲವೂ ಭಟ್ಟಿ ಇಳಿಸಿದ ಶುದ್ಧ ನೀರಿನ ಒಂದು ಬಾಟಲಿಯನ್ನು ಕೆರೆಗೆ ಒಯ್ದು, ಅದನ್ನೂ ಸೋಸಿ, ಆಮ್ಲ ಹಾಕಿ, ಬೇರೆ ಹೆಸರಿನಲ್ಲಿ ಪ್ರಯೋಗಾಲಯಕ್ಕೆ ಕಳಿಸಿದೆವು. ಅದರಲ್ಲಿ ಲೋಹ ಕಂಡರೆ ತಪ್ಪು ನಮ್ಮ ಕೈಯದು ಎಂದು ಗೊತ್ತಾಗುತ್ತದೆ. ಒಂದು ಕಂತಿನಲ್ಲಿ ಹಾಗೆಯೇ ಆಯಿತು. ಶುದ್ಧ ನೀರಿನಲ್ಲೂ ಮ್ಯಾಂಗನೀಸ್ ಬಂತು. ಆ ಕಂತಿನ ಮ್ಯಾಂಗನೀಸ್ ಅಂಕಿಗಳನ್ನೆಲ್ಲ ಕೈಬಿಟ್ಟೆವು. ಬೆವರು ಸುರಿಸಿ ತಂದ ಅಷ್ಟೂ ಬಾಟಲಿಗಳ ಫಲವನ್ನು ಹೊಡೆದು ಹಾಕುವಾಗ ವಿದ್ಯಾರ್ಥಿಯೊಬ್ಬಳ ಕಣ್ಣಲ್ಲಿ ನೀರು ಬಂದದ್ದು ನೆನಪಿದೆ.

ಮೊದಲ ಮಳೆ ಮೇ ತಿಂಗಳ ಕೊನೆಯಲ್ಲಿ ಬಂತು. ಈ ಭಾಗದಲ್ಲಿ ವರ್ಷದ ಮಳೆಯೇ 600 ಮಿಲಿಮೀಟರ್ ಆಸುಪಾಸು. ಆದ್ದರಿಂದ ಮೊದಲ ರಭಸದ ಮಳೆಯ ಒಂದೆರಡು ಗಂಟೆಗಳಲ್ಲಿ, ಬೇಸಿಗೆಯಿಡೀ ದಿಬ್ಬದ ಮೇಲೆ ಒಣಗಿ ಸಡಿಲಾದ ಪುಡಿಯೆಲ್ಲ ಒಮ್ಮೆಲೇ ಹಳ್ಳಕ್ಕೆ ಇಳಿಯುತ್ತದೆ. ಅದನ್ನು ಹಿಡಿಯಲೆಂದು ಇಬ್ಬರು ವಿದ್ಯಾರ್ಥಿಗಳು ಊರಿನಲ್ಲೇ ಹನ್ನೊಂದು ದಿನ ಉಳಿದಿದ್ದರು. ಮಳೆ ಬಂದದ್ದು ರಾತ್ರಿ. ಬ್ಯಾಟರಿ ಬೆಳಕಿನಲ್ಲಿ ಅರ್ಧ ಗಂಟೆಗೊಮ್ಮೆ ಎರಡೂ ಹಳ್ಳಗಳ ನೀರನ್ನು ತುಂಬಿದರು. ಪಡುವಣ ಹಳ್ಳದ ಸೋಸದ ನೀರಿನಲ್ಲಿ ಮ್ಯಾಂಗನೀಸ್ ಮತ್ತು ಆರ್ಸೆನಿಕ್ ಎರಡೂ ಕುಡಿಯುವ ನೀರಿನ ಮಿತಿಯನ್ನು ದಾಟಿದ್ದವು. ಭಾರತೀಯ ಮಾನದಂಡ 10500ರ ಪ್ರಕಾರ ಆರ್ಸೆನಿಕ್ಕಿನ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಮ್ಯಾಂಗನೀಸಿಗೆ 0.1, ಬೇರೆ ನೀರೇ ಇಲ್ಲದಿದ್ದರೆ 0.3. ಆದರೆ ಅದೇ ನೀರನ್ನು ಸೋಸಿದಾಗ ಆರ್ಸೆನಿಕ್ ಮಿತಿಯ ಒಳಗೆ ಬಂತು. ಬಂದದ್ದು ಕಣದ ಬೆನ್ನೇರಿ ಬಂದ ವಿಷ. ಬಡಗಣ ಹಳ್ಳದ ನೀರು ಇಷ್ಟೇ ಕೆಂಪಗೆ, ಇಷ್ಟೇ ಕಲಕಲಾಗಿದ್ದರೂ ಅದರಲ್ಲಿ ಆರ್ಸೆನಿಕ್ ಮಿತಿ ದಾಟಲಿಲ್ಲ. ಬಣ್ಣ ನೋಡಿ ನೀರನ್ನು ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಸಿಕ್ಕಿಲ್ಲ.

ಗಣಿಯ ನೀರೆಂದರೆ ಆಮ್ಲೀಯವಾಗಿರಬೇಕು ಎಂದು ವಿದ್ಯಾರ್ಥಿಗಳು ನಿರೀಕ್ಷಿಸಿದ್ದರು. ಪಡುವಣ ಹಳ್ಳದ ಪಿಎಚ್ 7ರ ಮೇಲೆಯೇ ಇತ್ತು. ಗುಡ್ಡದ ಚಿನ್ನದ ಎಳೆಗಳಲ್ಲಿ ಬೆಣಚಿನ ಜೊತೆ ಸುಣ್ಣದ ಜಾತಿಯ ಕಾರ್ಬೊನೇಟ್ ಖನಿಜಗಳೂ ಇರುವುದರಿಂದ, ಹುಟ್ಟಿದ ಆಮ್ಲ ಅಲ್ಲಿಯೇ ಶಮನವಾಗುತ್ತದೆ. ಆಮ್ಲ ಅಳಿದರೂ ಅದರ ಹೆಜ್ಜೆಗುರುತಾದ ಸಲ್ಫೇಟ್ ಅಳಿಯುವುದಿಲ್ಲ. ಪಡುವಣ ಹಳ್ಳದಲ್ಲಿ ಸಲ್ಫೇಟ್ ಬಡಗಣ ಹಳ್ಳಕ್ಕಿಂತ ಪ್ರತಿ ಸಲವೂ ಸ್ಪಷ್ಟವಾಗಿ ಹೆಚ್ಚಿತ್ತು. ಪಂಚಾಯಿತಿಗಳಲ್ಲಿರುವ ಪರೀಕ್ಷಾ ಕಿಟ್‌ನಿಂದ ಪಿಎಚ್ ಮಾತ್ರ ನೋಡಿ ‘ಗಣಿಯ ಪರಿಣಾಮವಿಲ್ಲ’ ಎಂದು ಬರೆದುಬಿಡುವ ಅಪಾಯ ಇಲ್ಲಿದೆ. ನಾವು ಆ ಊರಿನಲ್ಲಿ ಕಂಡ ಕಿಟ್‌ನಲ್ಲಿ ಫ್ಲೋರೈಡ್, ಕಬ್ಬಿಣ, ನೈಟ್ರೇಟ್ ಅಳೆಯಲು ವ್ಯವಸ್ಥೆಯಿತ್ತು, ಆರ್ಸೆನಿಕ್ಕಿಗೆ ಇರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಕೆರೆ ತುಂಬಿ ಕೋಡಿ ಹರಿಯಿತು. ಆಗಲೂ ಜನವರಿಯಲ್ಲೂ ಕೆರೆಯೊಳಗಿನ ಎಲ್ಲ ತಾಣಗಳ ಲೋಹಗಳೂ ಮಿತಿಯೊಳಗೇ ಇದ್ದವು. ಈ ಎರಡು ಕಂತುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜನವರಿಯಲ್ಲಿ ನೀರಿನ ತಿಳಿತನ ಅಳೆಯಲು ಇಳಿಬಿಡುವ 20 ಸೆಂಟಿಮೀಟರ್ ಅಗಲದ ಕಪ್ಪು-ಬಿಳಿ ತಟ್ಟೆ ನೀರಿನೊಳಗೆ ಅತ್ಯಂತ ಆಳದವರೆಗೆ ಕಂಡಿತು, ಇದೇ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳ ಒಂದು ಸಣ್ಣ ಗುಂಪು ಇಲ್ಲಿಯೂ ಇಳಿದಿತ್ತು.

ಏಪ್ರಿಲ್ ಬೇರೆಯೇ ಇತ್ತು. ನೀರು ಇಳಿದು ತೂಬಿನ ಗುಂಡಿಯ ಬಳಿ ಮಾತ್ರ ಎರಡು ಮೀಟರಿನಷ್ಟು ಉಳಿದಿತ್ತು. ನಾವು ಬೆಳಗಿನ 6 ಗಂಟೆಗೆ ಒಮ್ಮೆ, ಮಧ್ಯಾಹ್ನ 3 ಗಂಟೆಗೆ ಒಮ್ಮೆ ಹರಿಗೋಲಿನಲ್ಲಿ ಹೋಗಿ ಅಳೆದೆವು. ಗಾಳಿ ಏಳುವ ಮೊದಲಿನ ಬೆಳಗಿನಲ್ಲಿ ತಳದ ನೀರಿನಲ್ಲಿ ಕರಗಿದ ಆಮ್ಲಜನಕ ಹೆಚ್ಚುಕಡಿಮೆ ಇರಲೇ ಇಲ್ಲ. ಮೀನಿಗೆ ಲೀಟರಿಗೆ 4 ಮಿಲಿಗ್ರಾಂ ಬೇಕು. ಆ ಹೊತ್ತಿನಲ್ಲಿ ಮೇಲ್ಪದರದಲ್ಲೂ ಅಷ್ಟು ಇರಲಿಲ್ಲ. ಗುತ್ತಿಗೆದಾರ ಹೇಳಿದ್ದ ಮೀನಿನ ಸಾವಿಗೆ ಇದೇ ಸಾಕಷ್ಟು ಕಾರಣ. ದನಗಳ ಸೆಗಣಿ, ಹೊಲಗಳ ಗೊಬ್ಬರ, ಪಾಚಿಯ ಹೆಚ್ಚಳ ಇವೇ ರಾತ್ರಿಯ ಆಮ್ಲಜನಕವನ್ನು ತಿಂದುಹಾಕುತ್ತವೆ. ಮೀನು ಸತ್ತದ್ದು ಗಣಿಯಿಂದ ಎಂದು ನಾವು ಬರೆಯಲಿಲ್ಲ, ಬರೆಯಬೇಕೆಂಬ ಒತ್ತಾಯ ಬಂದಾಗಲೂ ಬರೆಯಲಿಲ್ಲ.

ಆದರೆ ಆಮ್ಲಜನಕ ಮುಗಿದ ತಳದಲ್ಲಿ ಇನ್ನೊಂದು ಕೆಲಸ ನಡೆಯುತ್ತದೆ. ಹೂಳಿನೊಳಗಿನ ಸೂಕ್ಷ್ಮಾಣುಗಳು ಉಸಿರಾಟಕ್ಕೆ ಆಮ್ಲಜನಕದ ಬದಲು ಮೊದಲು ಮ್ಯಾಂಗನೀಸಿನ, ಆಮೇಲೆ ಕಬ್ಬಿಣದ ತುಕ್ಕನ್ನು ಬಳಸಿಕೊಂಡು ಅವುಗಳನ್ನು ಕರಗಿಸುತ್ತವೆ. ತುಕ್ಕು ಕರಗಿದಾಗ ಅದಕ್ಕೆ ಅಂಟಿ ಕುಳಿತಿದ್ದ ಆರ್ಸೆನಿಕ್ ನೀರಿಗೆ ಬರುತ್ತದೆ. ಆ ಬೆಳಿಗ್ಗೆ ತಳದ ಸೋಸಿದ ನೀರಿನಲ್ಲಿ ಮ್ಯಾಂಗನೀಸ್ 0.3ನ್ನು, ಆರ್ಸೆನಿಕ್ 0.01ನ್ನು ಮೀರಿದ್ದವು. ಮೇ ತಿಂಗಳಲ್ಲಿ ಕಣವಾಗಿ ಬಂದದ್ದು ಹನ್ನೊಂದು ತಿಂಗಳ ಬಳಿಕ ಕರಗಿ ಎದ್ದಿತ್ತು. ಮಧ್ಯಾಹ್ನದ ಗಾಳಿ ನೀರನ್ನು ಕದಡಿದ ಮೇಲೆ ಮೇಲ್ಪದರದಲ್ಲೂ ಮ್ಯಾಂಗನೀಸ್ ಕಾಣಿಸಿತು. ಕೊಡ ಕಪ್ಪಾಗುವ ದೂರಿಗೆ ಉತ್ತರ ಇಲ್ಲಿತ್ತು. ಕರಗಿದ ಮ್ಯಾಂಗನೀಸ್ ಕೊಡದಲ್ಲಿ ನಿಂತು ಗಾಳಿಯೊಡನೆ ಸೇರಿ ಕಪ್ಪು ಲೇಪವಾಗುತ್ತದೆ. ಹೆಣ್ಣುಮಕ್ಕಳು ಮಾಪಕವಿಲ್ಲದೆಯೇ ವರ್ಷಗಳಿಂದ ಸರಿಯಾಗಿ ಅಳೆದಿದ್ದರು.

ಹೂಳು

ಊರಿಗೆ ಕುಡಿಯುವ ನೀರು ಈಗ ತುಂಗಭದ್ರೆಯಿಂದ ನಲ್ಲಿಯಲ್ಲಿ ಬರುತ್ತದೆ. ನಲ್ಲಿ ಬಾರದ ದಿನಗಳಲ್ಲಿ ಮಾತ್ರ ಕೆಲವು ಮನೆಗಳು ಕೆರೆಯನ್ನು ನೆಚ್ಚುತ್ತವೆ. ಆದ್ದರಿಂದ ಏಪ್ರಿಲ್ ನೀರಿನ ಅಪಾಯ ನಿಜವಾದರೂ ಕೆಲವೇ ವಾರಗಳದ್ದು, ಅದನ್ನು ತಪ್ಪಿಸುವ ದಾರಿಯೂ ಇದೆ. ಹೊಲಕ್ಕೆ ಹೇರಿದ ಹೂಳನ್ನು ಮಾತ್ರ ಮರಳಿ ತರಲು ಬರುವುದಿಲ್ಲ. ಲೋಹ ಕೊಳೆಯುವ ವಸ್ತುವಲ್ಲ, ಹರಡಿದ ಮೇಲೆ ಅದು ಮೊಮ್ಮಕ್ಕಳ ಹೊಲದಲ್ಲೂ ಇರುತ್ತದೆ. ನೀರು ಕುಡಿಯಬಹುದೇ ಎಂದು ಹೊರಟ ಅಧ್ಯಯನ ಹೀಗೆ ಗೋಡನ್ನು ಹೇರಬಹುದೇ ಎಂಬ ಪ್ರಶ್ನೆಗೆ ತಿರುಗಿತು. ಮೊದಲೇ ತಿರುಗಬೇಕಿತ್ತು.

ಪಿವಿಸಿ ಕೊಳವೆಯನ್ನು ತಳಕ್ಕೆ ಇಳಿಸಿ, ಮೇಲಿನ ಬಾಯಿ ಬಿಗಿದು, ಹೂಳಿನ ಕಂಬವನ್ನು ಹಾಗೆಯೇ ಎತ್ತಿದೆವು. ಪಡುವಣ ಹಳ್ಳದ ಬಾಯಿಯಲ್ಲಿ, ನಡುಗೆರೆಯಲ್ಲಿ, ತೂಬಿನ ಬಳಿ, ಬಡಗಣ ಹಳ್ಳದ ಬಾಯಿಯಲ್ಲಿ, ಹೋಲಿಕೆಯ ಕೆರೆಯಲ್ಲಿ. ಲೋಹಗಳು ನುಣ್ಣನೆಯ ಕಣಗಳಿಗೆ ಹೆಚ್ಚು ಅಂಟುವುದರಿಂದ, 63 ಮೈಕ್ರಾನಿಗಿಂತ ಸಣ್ಣ ಭಾಗವನ್ನು ಮಾತ್ರ ಜರಡಿ ಹಿಡಿದು ಪರೀಕ್ಷೆಗೆ ಕೊಟ್ಟೆವು. ಹೀಗೆ ಮಾಡದಿದ್ದರೆ ಮರಳು ಹೆಚ್ಚಿರುವ ಜಾಗ ಶುದ್ಧವಾಗಿಯೂ ಜೇಡಿ ಹೆಚ್ಚಿರುವ ಜಾಗ ಕೆಟ್ಟದ್ದಾಗಿಯೂ ಕಾಣುತ್ತದೆ.

ಅಂಕಿ ಬಂದ ಮೇಲೆ ಅಳತೆಗೋಲಿನ ತೊಡಕು ಎದುರಾಯಿತು. ಕೆನಡಾದ ಮಾರ್ಗಸೂಚಿಯಲ್ಲಿ ಸಿಹಿನೀರಿನ ಹೂಳಿನ ಆರ್ಸೆನಿಕ್ಕಿಗೆ ಕಿಲೋಗ್ರಾಮಿಗೆ 5.9 ಮಿಲಿಗ್ರಾಂ ಎಚ್ಚರಿಕೆಯ ಮಟ್ಟ, 17 ಮಿಲಿಗ್ರಾಂ ಹಾನಿ ಸಂಭವಿಸುವ ಮಟ್ಟ. ಗಣಿಯಿಲ್ಲದ ನಮ್ಮ ಹೋಲಿಕೆಯ ಕೆರೆಯ ಹೂಳೇ 5.9ನ್ನು ದಾಟಿತ್ತು! ಅಂದರೆ ಗುಡ್ಡದ ಕಲ್ಲಿನಲ್ಲೇ ಅಷ್ಟು ಆರ್ಸೆನಿಕ್ ಸಹಜವಾಗಿದೆ, ಕೆನಡಾದ ಮೊದಲ ಮಿತಿಯಿಂದ ಅಳೆದರೆ ಕಪ್ಪತಗುಡ್ಡದ ನೀರುಣ್ಣುವ ಎಷ್ಟೋ ಕೆರೆಗಳನ್ನು ಕಲುಷಿತವೆಂದು ಘೋಷಿಸಬೇಕಾದೀತು. ಆದ್ದರಿಂದ ಹೋಲಿಕೆಯ ಕೆರೆಯನ್ನೇ ನಮ್ಮ ಅಳತೆಗೋಲಾಗಿ ಇಟ್ಟುಕೊಂಡೆವು. ಆ ಲೆಕ್ಕದಲ್ಲಿ ಬಡಗಣ ಹಳ್ಳದ ಬಾಯಿಯ ಹೂಳು ಸಹಜ, ತೂಬಿನ ಬಳಿಯದು ಸ್ವಲ್ಪವೇ ಹೆಚ್ಚು, ಪಡುವಣ ಹಳ್ಳದ ಬಾಯಿಯದು ಹಲವು ಪಟ್ಟು ಹೆಚ್ಚು. ಇದೊಂದು ಜಾಗ 17ನ್ನೂ ಮೀರಿತ್ತು. ಅಲ್ಲಿನ ಹೂಳಿನ ಕಂಬದಲ್ಲಿ ಮೇಲಿನ ಪದರಕ್ಕಿಂತ ಕೆಳಗಿನ ಪದರದಲ್ಲಿ ಆರ್ಸೆನಿಕ್ ಜಾಸ್ತಿ. ಹಿಂದೆ ಹೆಚ್ಚು ಬರುತ್ತಿತ್ತು, ಈಗ ಕಡಿಮೆಯಾಗಿದೆ ಎಂದು ಅದನ್ನು ಓದಬಹುದು. ಆದರೆ ಪದರಗಳ ವಯಸ್ಸನ್ನು ನಿರ್ಧರಿಸುವ ಸೌಲಭ್ಯ ನಮಗಿರಲಿಲ್ಲ, ಕೆಳಪದರದಲ್ಲಿ ಆರ್ಸೆನಿಕ್ ಕರಗಿ ಮತ್ತೆ ಜಾಗ ಬದಲಿಸುವುದೂ ಉಂಟು. ಆದ್ದರಿಂದ ಯಾವ ಕಾಲದ ಗಣಿ, ಯಾರ ಗಣಿ ಎಂಬುದರ ಕುರಿತು ನಾವು ಒಂದು ಮಾತನ್ನೂ ಬರೆಯಲಿಲ್ಲ. ಹಳೆಯ ಕಾಲದ ಚಿನ್ನದ ಗಿರಣಿಗಳಲ್ಲಿ ಪಾದರಸ ಬಳಸುವ ರೂಢಿಯಿದ್ದ ಕಾರಣ ಅದನ್ನೂ ಪರೀಕ್ಷಿಸಿದೆವು; ಯಾವ ಜಾಗದಲ್ಲೂ ಪತ್ತೆಯಾಗಲಿಲ್ಲ.

ಮಣ್ಣಿನಲ್ಲಿರುವುದೆಲ್ಲ ಬೆಳೆಗೆ ಏರುವುದಿಲ್ಲ. ಒಣ ಹೊಲದಲ್ಲಿ ಗಾಳಿಯಾಡುವಾಗ ಆರ್ಸೆನಿಕ್ ಕಬ್ಬಿಣದ ತುಕ್ಕನ್ನು ಬಿಟ್ಟು ಕದಲುವುದು ಕಡಿಮೆ. ನೀರು ನಿಲ್ಲಿಸಿದ ಭತ್ತದ ಗದ್ದೆಯಲ್ಲಿ ಕೆರೆಯ ತಳದ ಸ್ಥಿತಿಯೇ ಮರುಕಳಿಸಿ ಅದು ಬೇರಿಗೆ ಸಿಗುತ್ತದೆ. ಕಾಳಿಗಿಂತ ಸೊಪ್ಪಿಗೆ, ಗಡ್ಡೆಗೆ ಹೆಚ್ಚು ಸೇರುತ್ತದೆ. ಜೋಳ ಬೆಳೆಯುವ ಮಸಾರಿ ಹೊಲಕ್ಕೂ, ಮೆಂತ್ಯ ಮತ್ತು ಗಜ್ಜರಿ ಬೆಳೆಯುವ ಮಡಿಗೂ ಒಂದೇ ಉತ್ತರ ಕೊಡಲಾಗದು.

ಇನ್ನೊಂದು ದಾರಿ ನಮಗೆ ಹೊಳೆದೇ ಇರಲಿಲ್ಲ. ಹೈಸ್ಕೂಲಿನ ಶಿಕ್ಷಕಿಯವರು ಅದನ್ನು ಎತ್ತಿದರು. ಮಣ್ಣೆತ್ತಿನ ಅಮಾವಾಸ್ಯೆಗೆ ಊರಿನ ಮಕ್ಕಳು ಎತ್ತು ಮಾಡಲು ಮಣ್ಣು ತರುವುದು ಎಲ್ಲಿಂದ? ಕೇಳಿ ನೋಡಿದರೆ, ನುಣುಪಾದ ಜೇಡಿ ಸಿಗುವುದು ಪಡುವಣ ಹಳ್ಳದ ಬಾಯಿಯಲ್ಲೇ ಎಂದು ತಿಳಿಯಿತು. ಮಣ್ಣು ಮೆತ್ತಿದ ಕೈಯನ್ನು ಬಾಯಿಗೆ ಹಾಕುವ ಮಗುವಿನ ದೇಹಕ್ಕೆ ಸೇರಬಹುದಾದದ್ದು, ಅದೇ ಹೂಳು ಹೇರಿದ ಹೊಲದ ಜೋಳದ ರೊಟ್ಟಿಯಿಂದ ಸೇರುವುದಕ್ಕಿಂತ ಹೆಚ್ಚಿರಬಹುದು. ಯಾವ ಪಾಠದಲ್ಲೂ ಇಲ್ಲದ ಈ ಸಂಗತಿ, ಊರನ್ನು ಬಲ್ಲವರು ತಂಡದಲ್ಲಿ ಇದ್ದುದರಿಂದ ಮಾತ್ರ ಬೆಳಕಿಗೆ ಬಂತು.

ಹಲ್ಲಿನ ಕಲೆಯ ಉತ್ತರ ಗಣಿಯಲ್ಲಿರಲಿಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ದಾಟಿತ್ತು, ಕೆರೆಯದು 1ರ ಕೆಳಗಿತ್ತು. ನೆಲದಾಳದ ಗ್ರಾನೈಟ್ ಜಾತಿಯ ಕಲ್ಲಿನೊಡನೆ ದೀರ್ಘಕಾಲ ನಿಂತ ನೀರಿಗೆ ಫ್ಲೋರೈಡ್ ಸೇರುವುದು ಮುಂಡರಗಿ ಭಾಗದ ಹಳೆಯ ಸಂಕಟ. ಗಣಿಗೆ ಹೆದರಿ ಕೆರೆಯನ್ನು ಬಿಟ್ಟು ಬೋರ್ ನೀರಿಗೆ ಹೋದ ಮನೆಗಳ ಮಕ್ಕಳಿಗೇ ಹಲ್ಲಿನ ತೊಂದರೆ ಇತ್ತು. ಇದನ್ನು ಸಭೆಯಲ್ಲಿ ಹೇಳುವಾಗ ನನಗೆ ಮಾತು ಕಷ್ಟವಾಯಿತು. ಕಾಯಿಸಿ ಕುಡಿದರೆ ಸಾಕಲ್ಲವೇ ಎಂದು ಒಬ್ಬ ತಾಯಿ ಕೇಳಿದರು. ಕಾಯಿಸಿದರೆ ರೋಗಾಣು ಸಾಯುತ್ತವೆ. ಫ್ಲೋರೈಡಾಗಲಿ ಆರ್ಸೆನಿಕ್ಕಾಗಲಿ ಹೋಗುವುದಿಲ್ಲ, ನೀರು ಆವಿಯಾದಷ್ಟು ಅವು ಇನ್ನೂ ಗಟ್ಟಿಯಾಗುತ್ತವೆ.

ಊರಿನ ಸಭೆ

ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿತು. ‘ನೀರ ಚಲೋ ಐತಿ ಅಂತ ಬರದ್ ಕೊಡ್ರಿ ಸರ, ಇಲ್ಲಾ ಕೆಟ್ಟೈತಿ ಅಂತ ಬರದ್ ಕೊಡ್ರಿ, ನಡುವ ನಿಂದ್ರಬ್ಯಾಡ್ರಿ’ ಎಂದರು ಒಬ್ಬ ರೈತರು. ಅವರ ಬೇಡಿಕೆ ಸಹಜವಾದದ್ದೇ. ಆದರೆ ಜನವರಿಯ ನೀರಿಗೂ ಏಪ್ರಿಲ್ ಬೆಳಗಿನ ತಳದ ನೀರಿಗೂ, ಬಡಗಣ ಬಾಯಿಯ ಹೂಳಿಗೂ ಪಡುವಣ ಬಾಯಿಯ ಹೂಳಿಗೂ ಒಂದೇ ಮಾತು ಬರೆದುಕೊಟ್ಟರೆ ಅದು ಸುಳ್ಳಾಗುತ್ತದೆ. ಇದನ್ನು ಬಿಡಿಸಿ ಹೇಳಲು ಕೆರೆಯ ನಕಾಶೆಯನ್ನು ನೆಲದ ಮೇಲೆ ಸುಣ್ಣದಿಂದ ಬರೆದು, ಜಾಗವಾರು ಮಾತನಾಡಿದೆವು. ಸಭೆ ರಾತ್ರಿ ಹನ್ನೊಂದರವರೆಗೆ ನಡೆಯಿತು.

ಪಡುವಣ ಬಾಯಿಯ ಗೋಡನ್ನು ಯಾವ ಹೊಲಕ್ಕೂ ಹೇರುವುದಿಲ್ಲ. ಅದನ್ನು ನೀರು ಮುಟ್ಟದ ಎತ್ತರದ ಗಾಂವಠಾಣಾ ಜಾಗದಲ್ಲಿ ಹಾಕಿ, ಮೇಲೆ ಗರಸು ಹೊದಿಸಿ, ಹುಲ್ಲು ಬೆಳೆಸಬೇಕೆಂದು ನಿಶ್ಚಯವಾಯಿತು. ಒಣಗಿದ, ಗಾಳಿಯಾಡುವ ಸ್ಥಿತಿಯಲ್ಲಿ ಆರ್ಸೆನಿಕ್ ಕದಲುವುದು ಕಡಿಮೆ ಎಂಬುದೇ ಇದಕ್ಕೆ ಆಧಾರ. ನಡುಗೆರೆಯ ಮತ್ತು ತೂಬಿನ ಬಳಿಯ ಗೋಡು ಜೋಳದ ಹೊಲಗಳಿಗೆ ಮಾತ್ರ, ಕಾಯಿಪಲ್ಲೆಯ ಮಡಿಗಳಿಗೆ ಇಲ್ಲ. ಬಡಗಣ ಬಾಯಿಯದು ಯಾರು ಬೇಕಾದರೂ ಒಯ್ಯಬಹುದು. ಮಣ್ಣೆತ್ತಿನ ಜೇಡಿಯೂ ಅಲ್ಲಿಂದಲೇ. ಹಳೆಯ ಕಲ್ಲುತೂಬಿನಲ್ಲಿ ಬೇರೆ ಬೇರೆ ಎತ್ತರದ ಕಂಡಿಗಳಿವೆ, ಬೇಸಿಗೆಯಲ್ಲಿ ತಳದ ಕಂಡಿ ತೆರೆಯದೆ ಮೇಲಿನದನ್ನೇ ತೆರೆಯಲು ತೂಬಿನ ಹಿರಿಯರು ಒಪ್ಪಿದರು. ತಮ್ಮ ಅಜ್ಜನೂ ಬೇಸಿಗೆಯಲ್ಲಿ ತಳದ ಕಂಡಿ ಮುಟ್ಟಲು ಬಿಡುತ್ತಿರಲಿಲ್ಲ ಎಂದು ಅವರು ಆಗ ನೆನೆಸಿಕೊಂಡರು, ಕಾರಣ ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಗಣಿಮಣ್ಣಿನ ದಿಬ್ಬ ವನ್ಯಜೀವಿಧಾಮದ ಒಳಗಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಮುಟ್ಟುವಂತಿಲ್ಲ. ಅರ್ಜಿ ಕೊಟ್ಟಿದ್ದೇವೆ. ಅಲ್ಲಿಯವರೆಗೆ ಗಡಿಯ ಹೊರಗೆ, ಪಡುವಣ ಹಳ್ಳದ ಪಾತ್ರದಲ್ಲಿ ಒಂದರ ಕೆಳಗೊಂದರಂತೆ ಎರಡು ಕಲ್ಲುತಡೆಗಳನ್ನು ಕೂಲಿಯವರು ಕಟ್ಟಿದ್ದಾರೆ. ವಿಷ ಕಣದ ಬೆನ್ನೇರಿ ಬರುವುದರಿಂದ ಕಣವನ್ನು ತಡೆದರೆ ಬಹುಪಾಲು ತಡೆದಂತೆ. ಮೊದಲ ಮಳೆಗೇ ಮೇಲಿನ ತಡೆಯ ಹಿಂದೆ ಮೊಣಕಾಲೆತ್ತರ ಕೆಂಪು ಮಣ್ಣು ನಿಂತಿತು. ಅದನ್ನು ಪ್ರತಿ ಬೇಸಿಗೆ ತೆಗೆದು ಗರಸಿನ ಹೊದಿಕೆಯಡಿ ಸೇರಿಸುವ ಕೆಲಸ ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಸೇರಿದೆ. ಅಚ್ಚುಕಟ್ಟಿನ ಎರಡು ಬಾವಿಗಳಲ್ಲಿ ಒಂದರಲ್ಲಿ ಏಪ್ರಿಲ್ ಆರ್ಸೆನಿಕ್ ಮಿತಿಗೆ ತೀರ ಹತ್ತಿರವಿತ್ತು. ಆ ಬಾವಿಯ ನೀರನ್ನು ಈಗ ಪ್ರತಿ ತಿಂಗಳ ಮೊದಲ ಸೋಮವಾರ ಹೈಸ್ಕೂಲಿನ ಮಕ್ಕಳು, ಶಿಕ್ಷಕಿಯ ಎದುರಿನಲ್ಲಿ, ಸೋಸಿ ಆಮ್ಲ ಹಾಕಿ ಗದಗಿಗೆ ಕಳಿಸುತ್ತಿದ್ದಾರೆ.